ದಾಸನಕೊಪ್ಪದ ಗುಡುಗು

ಪ್ರತಿಯೊಬ್ಬ ಮನುಷ್ಯನಿಗೂ ಅವನ ಯೋಗ್ಯತೆಗೆ ಮೀರಿದ ಒಂದು ಹೆಸರು ಬದುಕಿನಲ್ಲಿ ಹೇಗೋ ಅಂಟಿಕೊಂಡುಬಿಡುತ್ತದೆ. ನಮ್ಮ ಪಕ್ಕದ ಬೀದಿಯ ಒಬ್ಬರಿಗೆ ಕೈಗುಣ ಬಹಳ ಒಳ್ಳೆಯದೆಂದು ಹೆಸರು. ಅವರು ನೆಟ್ಟ ಗಿಡಕ್ಕೆಲ್ಲ ಅವರ ಹೆಂಡತಿ ದಿನಾ ನೀರು ಹೊರುವುದನ್ನು ಯಾರೂ ಗಮನಕ್ಕೆ ತಂದುಕೊಳ್ಳುವುದಿಲ್ಲ. ನಾನು ಕೆಲಸಕ್ಕಿದ್ದ ಕಚೇರಿಯಲ್ಲಿ ಒಬ್ಬ ಮೇಲಧಿಕಾರಿಗಳು ಗಂಭೀರ ಚಿಂತಕರೆಂದು ಪ್ರಸಿದ್ಧರಾಗಿದ್ದರು. ಅವರಿಗೆ ಕೂತಲ್ಲೇ ನಿದ್ದೆ ಬರುತ್ತಿತ್ತು. ಆ ಸಾಲಿನಲ್ಲಿ ನಾನೂ ಒಬ್ಬ. ಶಿರಸಿಯ ನಮ್ಮ ಕೇರಿಯಲ್ಲಿ ಹನ್ನೊಂದು ಮನೆಗಳಿವೆ. ಆ ಹನ್ನೊಂದು ಮನೆಗಳ ಮಟ್ಟಿಗೆ ನಾನು ಮೋಡ ಓದಬಲ್ಲ ಮನುಷ್ಯ. ಬೇಸಿಗೆಯ ಮಧ್ಯಾಹ್ನ ನಾನು ತಾರಸಿಗೆ ಹತ್ತಿ, ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು, ಪೂರ್ವದಿಕ್ಕನ್ನು ಒಂದು ಸಲ ದಿಟ್ಟಿಸಿ, "ನಾಕೂ ಕಾಲಿಗೆ ಬತ್ತು" ಎಂದು ಅಪ್ಪಣೆ ಕೊಡಿಸಿದರೆ, ನಾಲ್ಕೂ ಹತ್ತಕ್ಕೆ ಕೇರಿಯ ಚಾಪೆಗಳೆಲ್ಲ ಒಳಗೆ ಹೋಗಿರುತ್ತವೆ. ಸುಮಾರು ಮೂವತ್ತು ಬೇಸಿಗೆ ಈ ಹೆಸರನ್ನು ಹೊತ್ತು ತಿರುಗಿದ್ದೇನೆ. ಅದು ಸುಳ್ಳು. ಓದುಗರಲ್ಲಿ ನಮ್ಮ ಕೇರಿಯವರು ಯಾರೂ ಇರಲಾರರು ಎಂಬ ಧೈರ್ಯದ ಮೇಲೆ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ನಮ್ಮಲ್ಲಿ ಮಳೆಗಾಲದ ಮಳೆಗೂ ಬೇಸಿಗೆಯ ಮಳೆಗೂ ಒಂದೇ ಹೆಸರಿಟ್ಟವರು ಯಾರೋ ಅವಸರದಲ್ಲಿದ್ದರು. ಮಳೆಗಾಲದ್ದು ಖಾಯಂ ನೌಕರನ ಹಾಗೆ. ಜೂನಿನಲ್ಲಿ ಬಂದು ಕುರ್ಚಿಯಲ್ಲಿ ಕೂತರೆ ಮತ್ತೆ ಏಳುವ ಮಾತಿಲ್ಲ. ಸದ್ದೂ ಒಂದೇ, ಬಣ್ಣವೂ ಒಂದೇ. ಬೇಸಿಗೆಯದು ಹಾಗಲ್ಲ. ಅದು ತಪಾಸಣೆಗೆ ಬರುವ ಸಾಹೇಬರ ಹಾಗೆ ಸಕಲ ವೈಭವದೊಂದಿಗೆ ಬರುತ್ತದೆ. ಬೆಳಿಗ್ಗೆಯಿಂದ ಗಾಳಿ ನಿಂತಿರುತ್ತದೆ. ಹನ್ನೆರಡರ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟುತ್ತದೆ. ಎರಡು ಗಂಟೆಗೆ ಪೂರ್ವದಲ್ಲಿ, ಬನವಾಸಿ ಕಡೆಯ ಬಯಲಿನ ಮೇಲೆ, ಹೂಕೋಸಿನಂಥ ಒಂದು ಬಿಳಿ ಮೋಡ ತಲೆ ಎತ್ತುತ್ತದೆ. ಅದು ನೋಡನೋಡುತ್ತ ಬೆಳೆದು, ಹೊಟ್ಟೆಯ ಕೆಳಗೆ ಕಪ್ಪಾಗಿ, ನಮ್ಮ ಗುಡ್ಡಗಳ ಕಡೆಗೆ ಹೊರಡುತ್ತದೆ. ಆಮೇಲೆ ಗಾಳಿ, ಧೂಳು, ಮಿಂಚು, ಗುಡುಗು, ಆಣೆಕಲ್ಲು, ಕರೆಂಟು ಹೋಗುವುದು. ಒಂದು ತಾಸಿನಲ್ಲಿ ಎಲ್ಲ ಮುಗಿದು, ಸಂಜೆಗೆ ಏನೂ ಆಗಲೇ ಇಲ್ಲವೆಂಬಂತೆ ಬಿಸಿಲು. ನೋಡುವವನಿಗೆ ಅದಕ್ಕಿಂತ ದೊಡ್ಡ ನೋಟವಿಲ್ಲ. ಅಂಗಳದಲ್ಲಿ ಏನಾದರೂ ಒಣಹಾಕಿದವರಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಕಷ್ಟವೆಂದರೆ ನಮ್ಮವರು ಏನನ್ನಾದರೂ ಒಣಹಾಕುವುದು ಇದೇ ಕಾಲದಲ್ಲಿ. ಹಲಸಿನಕಾಯಿ ಬಲಿಯುವುದೂ ಗುಡುಗು ಶುರುವಾಗುವುದೂ ಒಟ್ಟಿಗೇ. ಇದನ್ನು ಏರ್ಪಡಿಸಿದ ದೇವರಿಗೆ ಹಪ್ಪಳದ ಮೇಲೆ ಆಸೆ ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಕೇರಿಯಲ್ಲಿ ಹಪ್ಪಳ ಮಾಡುವುದು ಮುಯ್ಯಿಯ ಮೇಲೆ. ಇವತ್ತು ನಮ್ಮ ಮನೆಗೆ ಎಂಟು ಹೆಂಗಸರು ಬಂದು ತೊಳೆ ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ, ಒತ್ತಿ ಹೋದರೆ, ನಾಳೆ ನಮ್ಮ ಮನೆಯಾಕೆ ವಿಶಾಲಾಕ್ಷಿ ಅವರಲ್ಲಿ ಒಬ್ಬರ ಮನೆಗೆ ಹೋಗಿ ಒತ್ತಬೇಕು. ಹೀಗೆ ಸರದಿ ಪೂರ್ತಿಯಾಗಲು ಎರಡು ವಾರ. ಒತ್ತಿದ ಹಪ್ಪಳಕ್ಕೆ ಮೂರು ಬಿಸಿಲು ಬೇಕು. ಮೊದಲನೆಯ ಬಿಸಿಲಿನಲ್ಲೇ ಮಳೆಹನಿ ಬಿದ್ದರೆ ಒಂದು ಮನೆಯ ಹಪ್ಪಳ ಮಾತ್ರ ಹಾಳಾಗುವುದಲ್ಲ, ಎಂಟು ಜನರ ಸೊಂಟದ ಶ್ರಮ ನೀರಾಗುತ್ತದೆ. ಆ ಎಂಟು ಜನರೂ ವರ್ಷವಿಡೀ ಅದನ್ನು ಮರೆಯುವುದಿಲ್ಲ. ಇಂಥ ಜವಾಬ್ದಾರಿಯ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದರು.

ಈ ಪದವಿ ನನಗೆ ಸಿಕ್ಕ ಬಗೆ ಹೀಗೆ. ನಾನು ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದೆ. ಅದಕ್ಕೆ ಮೊದಲು ಯಲ್ಲಾಪುರದಲ್ಲಿ ಕೆಲವು ವರ್ಷ, ಸಿದ್ದಾಪುರದಲ್ಲಿ ಕೆಲವು ವರ್ಷ. ಮೂರು ಊರಿನಲ್ಲೂ ಬೇಸಿಗೆಯ ಗುಡುಗನ್ನು ನಾನು ನೋಡಿದ್ದು ಹೆಚ್ಚಾಗಿ ಕಿಟಕಿಯ ಹಿಂದೆ ನಿಂತು, ಯಾವ ಊರಿನ ಲೈನು ಈಗ ಹೋಗುತ್ತದೆ ಎಂಬ ಭಯದಲ್ಲಿ. ಮಿಂಚು ಹೊಡೆದರೆ ತಂತಿ ಸಾಯುತ್ತಿತ್ತು, ತಂತಿ ಸತ್ತರೆ ಜನ ನಮ್ಮನ್ನು ಸಾಯಿಸುತ್ತಿದ್ದರು. ಹಾಗಾಗಿ ಮೋಡ ಕಂಡ ಕೂಡಲೇ ಒಂದೊಂದೇ ಊರಿಗೆ ಕರೆ ಮಾಡಿ ಲೈನು ಜೀವಂತವಿದೆಯೇ ಎಂದು ಪರೀಕ್ಷಿಸುವುದು ನನ್ನ ಪಾಳಿಯ ಕೆಲಸ. ಬನವಾಸಿಯ ಕಡೆ ಹೋಗುವ ದಾರಿಯಲ್ಲಿ ದಾಸನಕೊಪ್ಪವಿದೆ. ಅಲ್ಲಿ ಸಾರ್ವಜನಿಕ ಫೋನು ಇದ್ದದ್ದು ಬಸವಣ್ಯಪ್ಪ ಎಂಬವರ ಕಿರಾಣಿ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಕರೆ ಮಾಡಿ, ಲೈನು ಹೇಗಿದೆ ಎಂದು ಕೇಳಿದೆ.

"ಲೈನ್ ಆರಾಮ ಐತ್ರಿ. ಮ್ಯಾಲ ಆರಾಮ ಇಲ್ರಿ. ಕೇಳ್ರಿ ಇಲ್ಲೆ," ಎಂದರು ಅವರು. ಎಂದವರೇ ರಿಸೀವರನ್ನು ವಯರು ಎಳೆದಷ್ಟು ದೂರ ಎಳೆದು ಅಂಗಡಿಯ ಬಾಗಿಲಾಚೆ ಹಿಡಿದರು. ಶಿರಸಿಯಲ್ಲಿ ಕೆಂಡದಂಥ ಬಿಸಿಲಿತ್ತು. ನನ್ನ ಕಿವಿಯಲ್ಲಿ ದಾಸನಕೊಪ್ಪದ ಗುಡುಗು ಉರುಳಿತು. ಜಗತ್ತಿನಲ್ಲಿ ಯಾರೂ ಇಲಾಖೆಯ ತಂತಿಯಲ್ಲಿ ಇಷ್ಟು ಒಳ್ಳೆಯ ಸಂಗತಿಯನ್ನು ಕಳುಹಿಸಿರಲಾರರು. ಸಿಡಿಲಿನ ಹೊತ್ತಿನಲ್ಲಿ ಹಾಗೆ ತಂತಿಯ ಫೋನು ಹಿಡಿಯಬಾರದೆಂಬ ಇಲಾಖೆಯ ಸೂಚನೆ ನನ್ನ ಮೇಜಿನ ಮುಂದೆಯೇ ಗೋಡೆಗೆ ಅಂಟಿಸಿತ್ತು. ಅದನ್ನು ಓದುತ್ತಲೇ ನಾನು ಕೇಳಿಸಿಕೊಂಡೆ. "ಹೊಂಟೈತ್ರಿ ನಿಮ್ ಕಡೆ. ಭಾಳ ಸಿಟ್ಟಿಗೆದ್ದೈತಿ," ಎಂದು ಹೇಳಿ ಅವರು ಫೋನು ಇಟ್ಟರು. ಸುಮ್ಮನೆ ಗಡಿಯಾರ ನೋಡಿದೆ. ಐವತ್ತು ನಿಮಿಷಕ್ಕೆ ಸರಿಯಾಗಿ ಶಿರಸಿಯಲ್ಲಿ ಮೊದಲ ಹನಿ ಬಿತ್ತು.

ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ನನಗೆ ರಜೆ. ವಿಶಾಲಾಕ್ಷಿ ಅಂಗಳದಲ್ಲಿ ಹಪ್ಪಳ ಹರವಿದ್ದಳು. ನಾನು ಒಳಗಿನ ಕೋಣೆಯಿಂದ ದಾಸನಕೊಪ್ಪಕ್ಕೆ ಒಂದು ಕರೆ ಮಾಡಿ, ಹೊರಗೆ ಬಂದು, ನಿರ್ಮಲವಾದ ಆಕಾಶವನ್ನು ನೋಡಿ, ಇನ್ನು ಮುಕ್ಕಾಲು ತಾಸಿಗೆ ಮಳೆ ಎಂದೆ. ಪಕ್ಕದ ಮನೆಯ ನಾಗವೇಣಿ ಬೇಲಿಯಾಚೆಯಿಂದ ನಕ್ಕಳು. ಮುಕ್ಕಾಲು ತಾಸಿನ ಮೇಲೆ ನಗಲಿಲ್ಲ. ಅವಳ ಸಂಡಿಗೆ ಅಂಗಳದಲ್ಲಿ ತೇಲುತ್ತಿತ್ತು. "ಭಾವಂಗೆ ಮೋಡ ಓದಲೆ ಬತ್ತು," ಎಂದು ಅವಳು ಕೇರಿಗೆಲ್ಲ ಸಾರಿದಳು. ಅಲ್ಲ, ಒಬ್ಬ ಅಂಗಡಿಯವರು ಹೇಳಿದ್ದು ಎನ್ನಲು ನನಗೆ ಬಾಯಿತ್ತು, ಸಮಯವಿತ್ತು, ಮನಸ್ಸಾಗಲಿಲ್ಲ. ಅಷ್ಟರಲ್ಲಿ ಯಾರೋ ಕಾಫಿ ತಂದುಕೊಟ್ಟಿದ್ದರು.

ಒಮ್ಮೆ ಪದವಿ ಬಂದ ಮೇಲೆ ಅದಕ್ಕೆ ತಕ್ಕ ವೇಷ ಬೇಕಲ್ಲ. ತಾರಸಿ ಹತ್ತುವುದು, ಅಂಗೈ ಅಡ್ಡ ಹಿಡಿಯುವುದು, ಗಾಳಿಯನ್ನು ಮೂಸುವುದು, ಇರುವೆಗಳನ್ನು ಕಂಡರೆ ಹೂಂ ಎನ್ನುವುದು, ಇವನ್ನೆಲ್ಲ ನಾನು ಒಂದೊಂದಾಗಿ ಸೇರಿಸಿಕೊಂಡೆ. ಹದ್ದು ಹಾರಿದರೆ ಅದನ್ನು ಅರ್ಥಪೂರ್ಣವಾಗಿ ನೋಡುತ್ತಿದ್ದೆ. ಆ ಹದ್ದಿಗೂ ನನಗೂ ಮಳೆಯ ವಿಷಯ ಅಷ್ಟಕ್ಕಷ್ಟೇ ಗೊತ್ತಿತ್ತು. ನಿವೃತ್ತನಾದ ಮೇಲೂ ಇದು ನಿಲ್ಲಲಿಲ್ಲ. ನನಗೂ ಮೊಬೈಲು ಬಂತು, ಬಸವಣ್ಯಪ್ಪನವರಿಗೂ ಬಂತು. ಬೇಸಿಗೆಯಲ್ಲಿ ದಿನಾ ಮೂರು ಗಂಟೆಗೆ ಸ್ನಾನದ ಮನೆಯ ಹಿಂದೆ ನಿಂತು ದಾಸನಕೊಪ್ಪಕ್ಕೆ ಕರೆ ಮಾಡುತ್ತಿದ್ದೆ. ಮೊದಲು ಆರಾಮವೇ ಎಂದು ಕೇಳುತ್ತಿದ್ದೆ, ಅದು ಮರ್ಯಾದೆಗೆ. ಅವರು ಪಾಪ, ಅದನ್ನು ಪ್ರಶ್ನೆಯೆಂದೇ ತಿಳಿದು ಉತ್ತರ ಹೇಳುತ್ತಿದ್ದರು. ಹೆಂಡತಿಯ ಮಂಡಿನೋವು, ಮಗಳ ಬಾಣಂತನ, ಗೋವಿನಜೋಳಕ್ಕೆ ಬಿದ್ದ ಹುಳ, ಮಾರಿಬಿಟ್ಟ ಎತ್ತು. ನಾನು ಒಂದು ಕಿವಿಯಲ್ಲಿ ಹೂಂ ಹೂಂ ಎನ್ನುತ್ತ, ಇನ್ನೊಂದು ಕಿವಿಯಲ್ಲಿ ಅವರ ಮಾತಿನ ಹಿಂದೆ ಗುಡುಗಿದೆಯೋ ಇಲ್ಲವೋ ಎಂದು ಹುಡುಕುತ್ತಿದ್ದೆ. ಅವರಿಗೇನೋ ನಾನು ಸ್ನೇಹಕ್ಕೆ ಕರೆ ಮಾಡುತ್ತೇನೆಂಬ ನಂಬಿಕೆ. ಅವರ ಮಗಳ ಹೆಸರೇನೆಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ. ಆ ಹೆಸರನ್ನು ಕಡಿಮೆಯೆಂದರೆ ನೂರು ಸಲ ಕೇಳಿದ್ದೇನೆ.

ಪ್ರತಿ ಕರೆಯ ಕೊನೆಗೆ ಅವರು ಹೇಳುವ ಮಾತು ಒಂದೇ. "ಒಮ್ಮೆ ಬರ್ರಿ ಹೆಗಡೇರ. ನಿಮ್ಮೂರಿಗೆ ಮಳಿ ಹೊಕ್ಕೊಳ್ಳೋದು ಇಲ್ಲಿ ಕುಂತು ನೋಡಬೇಕ್ರಿ. ಗುಡ್ಡ ಒಂದೊಂದ ಆರಿ ಹೋಗ್ತಾವು, ದೀಪ ಆರಿದಂಗ."

ಬರ್ತೇನೆ ಬರ್ತೇನೆ ಎನ್ನುತ್ತಿದ್ದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ಈ ಅವಧಿಯಲ್ಲಿ ನಾನು ಕಾಶಿಗೆ ಹೋಗಿ ಬಂದೆ, ಕೋಲಸಿರ್ಸಿಯಲ್ಲಿರುವ ಹೆಂಡತಿಯ ತವರಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದೆ, ಅದರಲ್ಲಿ ಅರ್ಧಕ್ಕರ್ಧ ಮನಸ್ಸಿಲ್ಲದೆ. ದಾಸನಕೊಪ್ಪಕ್ಕೆ ಹೋಗಲಿಲ್ಲ. ಹೋಗಬಾರದೆಂದಲ್ಲ. ಮಳೆ ಬರುವ ಹೊತ್ತಿನಲ್ಲಿ ನಾನು ಅಲ್ಲಿದ್ದರೆ ಇಲ್ಲಿ ತಾರಸಿಯ ಮೇಲೆ ನಿಲ್ಲುವವರು ಯಾರು.

ನಾಲ್ಕು ವರ್ಷದ ಹಿಂದೆ ನಾನು ಹೊಸ ಮೊಬೈಲು ಕೊಂಡೆ. ಅದರಲ್ಲಿ ಹವಾಮಾನ ಹೇಳುವ ಆ್ಯಪ್ ಇತ್ತು. ಅಂಗೈ ಮೇಲೆ ಜಿಲ್ಲೆಯ ನಕ್ಷೆ, ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ಮೋಡಗಳು ಹರಿದಾಡುವುದು ನೋಡಿ ನನಗೆ ದಿವ್ಯದೃಷ್ಟಿ ಬಂದಂತಾಯಿತು. ಇದಕ್ಕೆ ಮಂಡಿನೋವಿನ ಹೆಂಡತಿ ಇಲ್ಲ, ಹುಳ ಬಿದ್ದ ಜೋಳ ಇಲ್ಲ. ಆರಾಮವೇ ಎಂದು ಕೇಳುವ ಶ್ರಮವೂ ಇಲ್ಲ. ಆ ಬೇಸಿಗೆ ಮೂರು ಗಂಟೆಗೆ ಫೋನು ಮಾಡುವುದನ್ನು ಬಿಟ್ಟೆ. ಬಿಡುತ್ತೇನೆಂದು ಹೇಳಲಿಲ್ಲ, ಹೇಳುವುದಾದರೂ ಹೇಗೆ. ಒಂದು ದಿನ ಅವರೇ ಕರೆ ಮಾಡಿದರು. "ಮಳಿ ಬಂದಿತ್ರಿ. ನಿಮ್ ಫೋನ್ ಬರ್ಲಿಲ್ಲ, ಅದಕ್ಕ ಮಾಡ್ದೆ," ಎಂದರು. ಸ್ವಲ್ಪ ಕೆಲಸ ಇತ್ತು ಎಂದೆ. ನಿವೃತ್ತನಾಗಿ ಹತ್ತು ವರ್ಷವಾದವನ ಕೆಲಸ. "ಆತು ಬಿಡ್ರಿ," ಎಂದರು. ಮತ್ತೆ ನನಗೆ ಕರೆ ಬರಲಿಲ್ಲ.

ಆ್ಯಪಿನ ಸಾಮರ್ಥ್ಯದ ಬಗ್ಗೆ ಎರಡು ಮಾತು ಹೇಳಬೇಕು. ಅದು ಎಂದೂ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅದು ಎಂದೂ ಏನನ್ನೂ ಹೇಳುವುದಿಲ್ಲ. ನೂರಕ್ಕೆ ನಲವತ್ತು ಪಾಲು ಮಳೆ ಬರಬಹುದು ಎನ್ನುತ್ತದೆ. ಹಪ್ಪಳವನ್ನು ನೂರಕ್ಕೆ ನಲವತ್ತು ಪಾಲು ಒಳಗೆ ತರಲು ಬರುತ್ತದೆಯೇ. ಆದರೂ ನಾನು ಅದನ್ನು ಸಮರ್ಥಿಸಿಕೊಂಡೆ, ಏಕೆಂದರೆ ಈ ನಾಲ್ಕು ಬೇಸಿಗೆ ನಮ್ಮ ಕೇರಿಯ ಒಂದು ಹಪ್ಪಳವೂ ನೆನೆದಿರಲಿಲ್ಲ. ಕೆಲವು ದಿನ ನಾನು ಮಳೆ ಇಲ್ಲವೆಂದು ಸಾರಿದ ಮೇಲೂ ವಿಶಾಲಾಕ್ಷಿ ಚಾಪೆ ಸುತ್ತುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಸುತ್ತುತ್ತಿದ್ದರು. ಇದು ಹೆಂಗಸರ ಹಟವೆಂದು ಉದಾರವಾಗಿ ಸುಮ್ಮನಿರುತ್ತಿದ್ದೆ. ಆ ದಿನಗಳಲ್ಲಿ ಸರಿಯಾಗಿ ಮಳೆ ಬಂದದ್ದನ್ನು ಕಾಕತಾಳೀಯವೆಂದು ಪರಿಗಣಿಸಿದ್ದೆ.

ಈ ವರ್ಷ ಮೊದಲ ಸರದಿಯೇ ನಮ್ಮ ಮನೆಯದು; ಆ ದಿನ ಮೂರು ದೊಡ್ಡ ಹಲಸಿನಕಾಯಿಯ ಹಪ್ಪಳವಾಯಿತು. ತಾರಸಿಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಚಾಪೆ. ಮೂರು ಗಂಟೆಗೆ ನಾಗವೇಣಿ ಕೇಳಿದಳು: "ಭಾವ, ಮೋಡ ಎಂತ ಹೇಳ್ತು?"

ನಾನು ಒಳಗೆ ಹೋಗಿ ಆ್ಯಪ್ ನೋಡಿ ಬಂದು, ಅಂಗೈ ಅಡ್ಡ ಹಿಡಿದು, "ಇವತ್ತು ಇಲ್ಲೆ. ಯಲ್ಲಾಪುರದ ಬದಿಗೆ ಹೋಗ್ತು," ಎಂದೆ. ಊರಿನ ಹೆಸರು ಸೇರಿಸಿದರೆ ಮಾತಿಗೆ ತೂಕ ಬರುತ್ತದೆ.

ವಿಶಾಲಾಕ್ಷಿ ಎರಡು ಸಲ ಒಳಗೆ ಹೋಗಿ ಬಂದಳು. ಕೈಯಲ್ಲಿ ಅವಳ ಮೊಬೈಲಿತ್ತು. ಮೂರನೆಯ ಸಲ ಹೋದವಳು ಹಲೋ ಹಲೋ ಎಂದು ಕೂಗಿದ್ದು ಕೇಳಿಸಿತು. ಹೊರಗೆ ಬಂದು ಆಕಾಶ ನೋಡಿದಳು, ನನ್ನನ್ನು ನೋಡಿದಳು, ಚಾಪೆ ನೋಡಿದಳು. ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಮಳೆ ಹೊಡೆಯಿತು.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಇದೆ. ಹೆಂಗಸರೆಲ್ಲ ಚಾಪೆ ಎಳೆಯುತ್ತಿದ್ದಾಗ ನಾನು ಮೂಲೆಯಲ್ಲಿ ನಿಂತು ಮಿಂಚು ನೋಡುತ್ತಿದ್ದೆ. ಅದು ಅಂಥ ಮಿಂಚು. ಪಶ್ಚಿಮದ ಗುಡ್ಡದ ನೆತ್ತಿಯಿಂದ ನಮ್ಮ ತಲೆಯ ಮೇಲಿನವರೆಗೆ ಬೇರು ಬಿಟ್ಟಂತೆ ಕವಲೊಡೆದು, ಒಂದು ಕ್ಷಣ ಗುಡ್ಡದ ಮೇಲಿನ ಒಂದೊಂದು ಮರವನ್ನೂ ಬೇರೆ ಬೇರೆ ತೋರಿಸಿ ಆರಿತು. ಆಮೇಲೆ ಬಂದ ಗುಡುಗಿಗೆ ನೀರಿನ ಟಾಕಿಯ ಮುಚ್ಚಳ ನಡುಗಿತು. ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನ ಕಾಲಿನ ಮೇಲೆ ಒಂದು ಹಪ್ಪಳ ನೀರಿನಲ್ಲಿ ತೇಲಿ ಬಂದು ಕೂತಿತು. "ಭಾವ, ಯಲ್ಲಾಪುರಕ್ಕೆ ಹೋಪ ಮಳೆ ದಾರಿ ತಪ್ಪಿತನ," ಎಂದಳು ನಾಗವೇಣಿ. ಎಂಟು ಜನರಲ್ಲಿ ಯಾರೂ ನಗಲಿಲ್ಲ. ಕಲಸಿದ ಹಿಟ್ಟಿನಂತಾದ ಹಪ್ಪಳವನ್ನು ಬಾಚಿ ಬುಟ್ಟಿಗೆ ತುಂಬಿ, ಸೆರಗು ಹಿಂಡಿಕೊಳ್ಳುತ್ತ ತಮ್ಮ ತಮ್ಮ ಮನೆಗೆ ಹೋದರು.

ಸಂಜೆ ಚಹದ ಹೊತ್ತಿಗೆ ವಿಶಾಲಾಕ್ಷಿ ನನ್ನ ಮುಂದೆ ಲೋಟ ಇಟ್ಟು, ಗೋಡೆಗೆ ಹೇಳುವಂತೆ ಹೇಳಿದಳು. "ಅವಕ್ಕೆ ಕಿವಿ ಕೇಳ್ತಿಲ್ಲೆ."

"ಯಾರಿಗೆ?"

"ದಾಸನಕೊಪ್ಪದ ಬಸವಣ್ಯಪ್ಪಂಗೆ. ಮೂರು ಸಲ ಮಾಡಿದೆ. ಎತ್ತುತ್ತ, ಹಲೋ ಹಲೋ ಹೇಳ್ತ, ಇಡ್ತ."

ಸ್ನಾನದ ಮನೆಯ ಹಿಂದಿನ ನನ್ನ ಗುಟ್ಟು ಅವಳಿಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಸ್ನಾನದ ಮನೆಗೆ ಕಿಟಕಿ ಇದೆಯಲ್ಲ ಎಂದಳು. ಮೊದಲನೆಯ ವರ್ಷದಿಂದಲೇ ಗೊತ್ತಂತೆ. ಅದೂ ಸರಿ, ಆದರೆ ನಾನು ಬಿಟ್ಟ ಮೇಲೆ ಅವಳೇಕೆ ಫೋನು ಮಾಡಬೇಕು.

"ಮತ್ತೆ ನಿಂಗಳ ಆಪ್ ನಂಬ್ಕಂಡು ಹಪ್ಪಳ ಹರಗಲೆ ಆಗ್ತಾ? ನಾಕು ವರ್ಷಾತು, ಆನೇ ಮಾಡ್ತಾ ಇದ್ದೆ. ದಿನಾ ಕೇಳ್ತಿದ್ರು, ಹೆಗಡೇರು ಎಲ್ಲಿ ಹೇಳಿ."

"ನೀ ಎಂತ ಹೇಳಿದ್ದೆ?"

"ಆರಾಮಿಲ್ಲೆ ಹೇಳಿ. ಮತ್ತೆಂತ ಹೇಳವು? ನಿಂಗಕ್ಕೆ ಅವರ ಗರಜು ಮುಗತ್ತು ಹೇಳಲಾ?"

ಹೀಗೆ ನಾನು ನಾಲ್ಕು ವರ್ಷದಿಂದ ನನಗೇ ಗೊತ್ತಿಲ್ಲದೆ ಹಾಸಿಗೆ ಹಿಡಿದಿದ್ದೆ. ಮೊದಲ ವರ್ಷ ಜ್ವರವಿತ್ತಂತೆ. ಎರಡನೆಯ ವರ್ಷ ಅದು ಕೆಮ್ಮಿಗೆ ತಿರುಗಿತಂತೆ. ಬೇಸಿಗೆಯಿಂದ ಬೇಸಿಗೆಗೆ ವಿಶಾಲಾಕ್ಷಿ ನನ್ನ ಕಾಯಿಲೆಯನ್ನು ಬಹಳ ಜವಾಬ್ದಾರಿಯಿಂದ ನಡೆಸಿಕೊಂಡು ಬಂದಿದ್ದಳು. ನಾನು ಪ್ರತಿ ಏಪ್ರಿಲಿನಲ್ಲಿ ಚಪ್ಪರಿಸಿ ತಿನ್ನುತ್ತಿದ್ದ ಶೇಂಗಾ ಚಟ್ನಿಪುಡಿ ಪೇಟೆಯದಲ್ಲವೆಂದೂ ಆಗಲೇ ತಿಳಿಯಿತು. ಬಾಯಿರುಚಿ ಕೆಟ್ಟ ರೋಗಿಗೆಂದು ಬಸವಣ್ಯಪ್ಪನವರ ಹೆಂಡತಿ, ಆ ನೋಯುವ ಮಂಡಿಯಲ್ಲೇ ಕೂತು ಕುಟ್ಟಿ, ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದದ್ದು. ಕಳೆದ ವರ್ಷ ಉಪ್ಪು ಸ್ವಲ್ಪ ಮುಂದಾಗಿದೆ ಎಂದು ನಾನು ಟೀಕೆ ಮಾಡಿದ್ದೆ.

ಎರಡು ದಿನ ಬಿಟ್ಟು ಮಧ್ಯಾಹ್ನದ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಹೊರಡುವಾಗ ವಿಶಾಲಾಕ್ಷಿ ಬಾಗಿಲಿಗೆ ಬಂದು, "ಅಲ್ಲಿ ಹೋಗಿ ಒಂದೆರಡು ಸಲ ಕೆಮ್ಮಿ. ಆನು ಸುಳ್ಳು ಹೇಳ್ದಾಂಗೆ ಆಪ್ದು ಬ್ಯಾಡ," ಎಂದಳು. ದಾರಿಯುದ್ದಕ್ಕೂ ನಾನು ಬೇರೆಯದನ್ನೇ ನಿಶ್ಚಯಿಸಿಕೊಂಡೆ. ಹೋಗಿ ನಿಜ ಹೇಳಿಬಿಡಬೇಕು. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ನನಗೆ ನೀವು ಬೇಕಾಗಿರಲಿಲ್ಲ ಅಷ್ಟೆ, ಅದು ನನ್ನ ತಪ್ಪು, ಎಂದು. ಮಾತುಗಳನ್ನು ಜೋಡಿಸಿಕೊಂಡೆ. ಬಹಳ ಚೆನ್ನಾಗಿ ಬಂದಿದ್ದವು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಬಿಳಿ ಟೊಪ್ಪಿಗೆಯ, ತೆಳ್ಳನೆಯ ಒಬ್ಬರು ಕೂತಿದ್ದರು. ಮೂವತ್ತು ವರ್ಷ ಕೇಳಿದ ಧ್ವನಿಗೆ ನಾನು ದಪ್ಪ ಮೀಸೆಯ ಎತ್ತರದ ಆಳನ್ನು ಕಲ್ಪಿಸಿದ್ದೆ. ಅವರ ಮುಂದೆ ನಿಂತು ಹೆಸರು ಹೇಳಿದೆ. ಕೇಳಿಸಲಿಲ್ಲ. ಅಂಗಡಿಯ ಮುಂದೆ ಬೆಂಚಿನ ಮೇಲೆ ನಾಲ್ಕು ಜನ ಚಹ ಕುಡಿಯುತ್ತಿದ್ದರು, ಅವರಿಗೆ ಕೇಳಿಸಿತು. ಅವರಲ್ಲಿ ಒಬ್ಬರು ಬಸವಣ್ಯಪ್ಪನವರ ಕಿವಿಯ ಹತ್ತಿರ ಬಾಗಿ, "ಶಿರಸಿ ಹೆಗಡೇರು ಬಂದಾರ ನೋಡ್ರಿ, ಫೋನಿನ್ಯಾರು," ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು.

ಅವರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. "ಎದ್ದು ಅಡ್ಡಾಡಾಕತ್ತೀರಿ. ಭಾಳ ಚಲೋ ಆತ್ರಿ. ಅಕ್ಕಾರು ಹೇಳಿದ್ರು, ಕೆಮ್ಮು ಬಿಡವಲ್ದು ಅಂತ. ಕುಂದರ್ರಿ, ಕುಂದರ್ರಿ. ನನಗ ಹೋದ ದೀಪಾವಳಿಯಿಂದ ಕಿವಿ ಸತ್ತಾವ್ರಿ. ಅಕ್ಕಾರು ಫೋನ್ ಮಾಡ್ತಾರ, ಹೆಸರು ಕಾಣ್ತೈತಿ, ಮಾತು ಕೇಳೂದಿಲ್ಲ. ಗಾಬ್ರಿ ಆಗಿತ್ತು ನೋಡ್ರಿ, ನಿಮಗ ಏನಾರ ಆತೋ ಅಂತ."

ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದೆ. ಆಗ ಒಂದು ತೊಡಕು ಹೊಳೆಯಿತು. ಈ ಮಾತನ್ನು ಅವರಿಗೆ ಹೇಳಬೇಕೆಂದರೆ ಕೂಗಿ ಹೇಳಬೇಕು. ಕೂಗಿದರೆ ಬೆಂಚಿನ ನಾಲ್ವರಿಗೂ, ಎದುರಿನ ಸೈಕಲ್ ರಿಪೇರಿಯವನಿಗೂ, ಬಸ್ಸಿಗೆ ಕಾದು ನಿಂತವರಿಗೂ ಕೇಳುತ್ತದೆ. ಕೂಗುವುದೇನೂ ಕಷ್ಟವಿರಲಿಲ್ಲ; ಈಗಷ್ಟೇ ಒಬ್ಬರು ನನ್ನ ಹೆಸರನ್ನು ಕೂಗಿದ್ದರು. ನಾನು ಕೂಗಲಿಲ್ಲ. ಅದರ ಬದಲು ಅಂಗಡಿಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂದಿನ ಬದಿಗೆ ಪೆನ್ನಿನಿಂದ ದೊಡ್ಡದಾಗಿ ಬರೆದೆ: ನನಗೆ ಕಾಯಿಲೆ ಇರಲಿಲ್ಲ. ಫೋನು ಮಾಡದಿದ್ದದ್ದು ನನ್ನ ತಪ್ಪು. ಕ್ಷಮಿಸಬೇಕು.

ಅವರು ಅದನ್ನು ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು, ನಕ್ಕರು. "ಚಸ್ಮಾ ಮನ್ಯಾಗ ಐತ್ರಿ. ಸಂಜಿಕೆ ಓದ್ತೀನಿ." ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು. ನನಗೆ ನಿರಾಳವಾಯಿತು. ಆ ನಿರಾಳಕ್ಕೆ ನಾಚಿಕೆಯೂ ಆಯಿತು, ಆದರೆ ಸ್ವಲ್ಪ ತಡವಾಗಿ.

ಅಷ್ಟರಲ್ಲಿ ಬೆನ್ನ ಹಿಂದೆ ಬಯಲಿ‌ನಿಂದ ಮೋಡ ಎದ್ದಿತ್ತು. ಅವರು ನನ್ನ ಕುರ್ಚಿಯನ್ನು ಪಶ್ಚಿಮಕ್ಕೆ ತಿರುಗಿಸಿದರು. ಗದ್ದೆಗಳಾಚೆ, ದೂರದಲ್ಲಿ, ನಮ್ಮ ಗುಡ್ಡಗಳು ಒಂದರ ಹಿಂದೆ ಒಂದು ನೀಲಿಯಾಗಿ ನಿಂತಿದ್ದವು. ಆ ಗುಡ್ಡಗಳ ನಡುವೆ ಮೂವತ್ತು ವರ್ಷ ಬದುಕಿಯೂ ಅವುಗಳನ್ನು ಹೀಗೆ ಸಾಲಾಗಿ ನಾನು ಕಂಡಿರಲಿಲ್ಲ. ಮಳೆ ನಮ್ಮ ತಲೆಯ ಮೇಲಿನಿಂದ ಹತ್ತು ನಿಮಿಷ ಸುರಿದು ಮುಂದೆ ಸಾಗಿತು. ಆಮೇಲೆ ಅವರು ಹೇಳುತ್ತಿದ್ದದ್ದು ಆಗತೊಡಗಿತು. ಮೋಡದ ಕಾಲಿನಂಥ ಬೂದು ಪರದೆ ಹತ್ತಿರದ ಗುಡ್ಡಕ್ಕೆ ತಲುಪಿತು, ಗುಡ್ಡ ಆರಿತು. ಅದರ ಹಿಂದಿನದು ಆರಿತು. ಅದರ ಹಿಂದಿನದು. ಪ್ರತಿ ಮಿಂಚಿಗೆ ಆರಿದ್ದವೆಲ್ಲ ಒಮ್ಮೆ ಹತ್ತಿ, ತಮ್ಮ ತಮ್ಮ ಜಾಗದಲ್ಲೇ ಇದ್ದೇವೆಂದು ತೋರಿಸಿ ಮತ್ತೆ ಆರಿದವು. ಚಾಪೆ ಇರಲಿಲ್ಲ, ಹಪ್ಪಳ ಇರಲಿಲ್ಲ, ಅಪ್ಪಣೆ ಕೊಡಿಸುವುದಿರಲಿಲ್ಲ. ಸುಮ್ಮನೆ ಕೂತು ನೋಡುವುದಷ್ಟೆ ಕೆಲಸ. ಇದಕ್ಕಾಗಿ ಇವರು ನನ್ನನ್ನು ಅಷ್ಟು ವರ್ಷ ಕರೆದಿದ್ದರು.

ಮಿಂಚಿದಾಗಲೆಲ್ಲ ಬಸವಣ್ಯಪ್ಪನವರು ಗುಡ್ಡ ನೋಡಿ, ಕೂಡಲೇ ನನ್ನ ಮುಖ ನೋಡುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. "ಬಂತೇನ್ರಿ?" ಎಂದರು. ಗುಡುಗು ಇನ್ನೂ ದಾರಿಯಲ್ಲಿತ್ತು. ಬಂದ ಕೂಡಲೇ ಕೈ ಎತ್ತಿದೆ. ಅವರು ತಲೆದೂಗಿದರು, ಸಂಗೀತಗಾರನ ಎದುರು ಕೂತು ತಾಳ ಹಾಕುವವರ ಹಾಗೆ. "ದೊಡ್ಡದೋ ಸಣ್ಣದೋ?" ಕೈಯನ್ನು ಇನ್ನಷ್ಟು ಎತ್ತರಿಸಿ ತೋರಿಸಿದೆ. ಹೀಗೆ ಸುಮಾರು ಮುಕ್ಕಾಲು ತಾಸು. ಮಿಂಚು ಅವರದು, ಗುಡುಗು ನನ್ನದು. ರಿಸೀವರನ್ನು ಬಾಗಿಲಾಚೆ ಹಿಡಿದು ನನಗೆ ಗುಡುಗು ಕೇಳಿಸಿದ್ದವರಿಗೆ ನಾನು ಕೈಯೆತ್ತಿ ಲೆಕ್ಕ ಒಪ್ಪಿಸುತ್ತ ಕೂತೆ. ನಡುವೆ ವಿಶಾಲಾಕ್ಷಿಯ ಫೋನು ಬಂತು. "ಅಲ್ಲಿ ಎಂತ ಇದ್ದು? ಮಜ್ಜಿಗೆ ಮೆಣಸು ಹರಗಿದ್ದೆ." ನಾನು ಮೊಬೈಲನ್ನು ಕಟ್ಟೆಯಾಚೆ ಹಿಡಿದೆ. ಅವಳಿಗೆ ಅಷ್ಟು ಸಾಕಾಯಿತು.

ಹೊರಡುವಾಗ ಅಭ್ಯಾಸವಿಲ್ಲದ ತಂಪಿಗೆ ನಿಜವಾಗಿಯೇ ಕೆಮ್ಮು ಬಂತು. ಬಸವಣ್ಯಪ್ಪನವರು ಬಾಗಿದ ನನ್ನ ಬೆನ್ನು ನೋಡಿ ಅವಸರದಿಂದ ಒಳಗೆ ಹೋಗಿ, ಡಬ್ಬಿಯಿಂದ ಒಂದು ಹಿಡಿ ಕಲ್ಲುಸಕ್ಕರೆ ತೆಗೆದು, ಕಟ್ಟಲು ಕಾಗದ ಕಾಣದೆ ಕಿಸೆಗೆ ಕೈ ಹಾಕಿದರು. ಬಸ್ಸು ಬಂದು ನಿಂತಿತ್ತು. ಬೇಡ ಎನ್ನಬಹುದಿತ್ತು. ಆ ಕಾಗದವಲ್ಲ ಎಂದು ಕೈ ಹಿಡಿಯಬಹುದಿತ್ತು. ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟು, "ಬಾಯಾಗ ಹಾಕ್ಕೊಂಡು ಹೋಗ್ರಿ, ಆರಾಮ ಆಗ್ತೈತಿ. ಮತ್ತ ಬರ್ರಿ," ಎಂದರು. ತಲೆಯಾಡಿಸಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಪೊಟ್ಟಣ ಬಿಚ್ಚಿದರೆ ನನ್ನದೇ ಅಕ್ಷರ, ಸ್ವಲ್ಪ ಅಂಟಂಟಾಗಿ. ನನಗೆ ಕಾಯಿಲೆ ಇರಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಶಿರಸಿ ಬರುವವರೆಗೂ ಕರಗಲಿಲ್ಲ.

ಆ ಕಾಗದ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಅಂಚೆಗೆ ಹಾಕಬೇಕೆಂದು ಲಕೋಟೆ ತಂದಿದ್ದೇನೆ. ಲಕೋಟೆ ತಂದು ಹದಿನೈದು ದಿನವಾಯಿತು.

ಊರಿಗೆ ಬಂದ ಮೇಲೆ ಒಂದು ಚಾಳಿ ಉಳಿದುಕೊಂಡಿದೆ. ಗುಡುಗಿದ ಕೂಡಲೇ ನನ್ನ ಬಲಗೈ ತಾನಾಗಿಯೇ ಮೇಲೆ ಹೋಗುತ್ತದೆ. ನಿನ್ನೆ ತಾರಸಿಯ ಮೇಲೆ ಒಬ್ಬನೇ ಕೂತಿದ್ದೆ. ಹಪ್ಪಳದ ಪ್ರಕರಣದ ನಂತರ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಪೂರ್ವದಲ್ಲಿ ಮಿಂಚಿತು. ಕಾದೆ. ಅಭ್ಯಾಸಬಲದಿಂದ ಕೈ ಸ್ವಲ್ಪ ಮೊದಲೇ ಎದ್ದಿತು. ಎದ್ದ ಮೇಲೆ ಗುಡುಗಿತು. ಆಚೆ ತಾರಸಿಯಲ್ಲಿ ನಾಗವೇಣಿ ಬಟ್ಟೆ ತೆಗೆಯುತ್ತಿದ್ದವಳು ಹಾಗೇ ನಿಂತಳು. ಮತ್ತೊಮ್ಮೆ ಮಿಂಚಿತು, ಮತ್ತೊಮ್ಮೆ ಕೈ ಎದ್ದಿತು, ಮತ್ತೊಮ್ಮೆ ಗುಡುಗಿತು. ಅವಳು ಕೆಳಗಿನ ಅಂಗಳದ ಕಡೆ ಬಾಗಿ ಯಾರಿಗೋ ಹೇಳುವುದು ಕೇಳಿಸಿತು.

"ನೋಡೇ ಇಲ್ಲಿ. ಭಾವ ಕೈ ಎತ್ತಿದ್ರೆ ಗುಡುಗ್ತು."

ಅದು ಹಾಗಲ್ಲವೆಂದು ಹೇಳಲು ನನಗೆ ಬಾಯಿತ್ತು, ಸಮಯವೂ ಇತ್ತು. ಕೈಯನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿದೆ.